ಬೋ ಶಾಕ್ ಹಿಗ್ಗಿತೇ, ಮಾಯವಾಯಿತೇ? ಸೌರಮಾರುತದ ಸಿಮ್ಯುಲೇಶನ್‌ಗಳು ಹೇಳುವುದೇನು, ಬಿಡುವುದೇನು

ಸೂರ್ಯನಿಂದ ಸದಾ ಹರಿದುಬರುವ ವಿದ್ಯುದಂಶಭರಿತ ಕಣಗಳ ಪ್ರವಾಹವಾದ ಸೌರಮಾರುತದ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಎರಡು ಸುದ್ದಿಗಳು ಮೇಲ್ನೋಟಕ್ಕೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಮೊದಲನೆಯದು ಮಂಗಳ ಗ್ರಹದ್ದು. 2022ರ ಡಿಸೆಂಬರ್ ಕೊನೆಯಲ್ಲಿ ಮಂಗಳನ ಬಳಿ ಸೌರಮಾರುತದ ಸಾಂದ್ರತೆ ನೂರರಲ್ಲಿ ಒಂದು ಪಾಲಿಗೆ ಕುಸಿಯಿತು. ಆಗ ಆ ಗ್ರಹದ ಕಾಂತಗೋಳ (ಗ್ರಹದ ಸುತ್ತ ಸೌರಮಾರುತವನ್ನು ಬದಿಗೆ ಸರಿಸುವ ಕಾಂತೀಯ ವಲಯ) ಮತ್ತು ಅಯಾನುಗೋಳ (ವಾತಾವರಣದ ಮೇಲಿನ, ವಿದ್ಯುದಂಶಭರಿತ ಕಣಗಳ ಪದರ) ಸಾವಿರಾರು ಕಿಲೋಮೀಟರ್ ಹಿಗ್ಗಿ, ಎಂದಿನ ಗಾತ್ರದ ಮೂರು ಪಟ್ಟನ್ನೂ ಮೀರಿದ್ದನ್ನು ನಾಸಾದ ಮೇವನ್ ನೌಕೆ ಅಳೆಯಿತು. ಎರಡನೆಯದು ಭೂಮಿಯದು. 2023ರ ಏಪ್ರಿಲ್ 24ರಂದು ಸೂರ್ಯನಿಂದ ಸಿಡಿದು ಬಂದ ಕಾಂತೀಯ ಮೋಡವೊಂದು ಭೂಮಿಯನ್ನು ಹಾದುಹೋಗುವಾಗ, ಸದಾ ನಮ್ಮ ಗ್ರಹದ ಮುಂದೆ ನಿಂತಿರುವ ಬೋ ಶಾಕ್ ಎಂಬ ಆಘಾತ ತರಂಗವೇ ಸುಮಾರು ಎರಡು ಗಂಟೆಗಳ ಕಾಲ ಇಲ್ಲವಾಯಿತು. ಕಾಂತಗೋಳದ ಉದ್ದನೆಯ ಬಾಲದ ಜಾಗದಲ್ಲಿ ಎರಡು ರೆಕ್ಕೆಗಳಂಥ ರಚನೆಗಳು ಮೂಡಿದವು. ಎರಡೂ ಕಡೆ ಸೌರಮಾರುತ ತೆಳುವಾಗಿತ್ತು. ಹಾಗಿದ್ದರೆ ಒಂದು ಕಡೆ ಕವಚ ಹಿಗ್ಗಿತು, ಇನ್ನೊಂದು ಕಡೆ ಆಘಾತವೇ ಮಾಯವಾಯಿತು ಎಂಬುದನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಇಂಥ ಸುದ್ದಿಗಳ ಜೊತೆಗೆ ಪ್ರಕಟವಾಗುವ ಚಿತ್ರಗಳು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಒಂದು ಚಿತ್ರದಲ್ಲಿ ಬೋ ಶಾಕ್ ನುಣುಪಾದ ಗೆರೆಯಂತಿದ್ದರೆ ಇನ್ನೊಂದರಲ್ಲಿ ಅದು ಅಲುಗುವ, ಹರಿದ, ಸುಳಿಗಳಿಂದ ತುಂಬಿದ ಪಟ್ಟಿಯಾಗಿರುತ್ತದೆ. ಎರಡರ ಕೆಳಗೂ ಸೂಪರ್‌ಕಂಪ್ಯೂಟರ್ ಸಿಮ್ಯುಲೇಶನ್, ಎಂದರೆ ಗಣಕದ ಲೆಕ್ಕದಲ್ಲಿ ಕಟ್ಟಿದ ಅನುಕರಣೆ, ಎಂದೇ ಬರೆದಿರುತ್ತದೆ. ಎರಡರಲ್ಲಿ ಒಂದು ತಪ್ಪಿರಬೇಕು ಎಂದು ಓದುಗರಿಗೆ ಅನ್ನಿಸಿದರೆ ಅದು ಸಹಜ. ವಾಸ್ತವದಲ್ಲಿ ಎರಡೂ ತಮ್ಮ ತಮ್ಮ ಮಿತಿಯೊಳಗೆ ಸರಿಯಾಗಿರಬಹುದು, ಏಕೆಂದರೆ ಗ್ರಹವೊಂದರ ಬೋ ಶಾಕ್‌ನ ಭೌತಶಾಸ್ತ್ರವನ್ನು ಏನನ್ನೂ ಬಿಡದೆ ಲೆಕ್ಕ ಹಾಕುವ ಸಾಮರ್ಥ್ಯ ಇಂದಿನ ಯಾವ ಗಣಕಕ್ಕೂ ಇಲ್ಲ. ಪ್ರತಿಯೊಂದು ಸಿಮ್ಯುಲೇಶನ್ ಕೂಡ ಯಾವುದನ್ನೋ ಬಿಟ್ಟುಕೊಟ್ಟೇ ಶುರುವಾಗುತ್ತದೆ. ಅದು ಬಿಟ್ಟದ್ದೇನು ಎಂದು ತಿಳಿದವರಿಗೆ ಮಾತ್ರ ಅದರ ಮಾತನ್ನು ಎಲ್ಲಿಯವರೆಗೆ ನಂಬಬೇಕು ಎಂಬುದು ಗೊತ್ತಾಗುತ್ತದೆ.

ಡಿಕ್ಕಿಯೇ ಇಲ್ಲದ ಆಘಾತ

ಸೂರ್ಯನ ಹೊರಾವರಣದಿಂದ ಎಲ್ಲ ದಿಕ್ಕಿಗೂ ಹರಿಯುವ ಪ್ರೋಟಾನ್, ಎಲೆಕ್ಟ್ರಾನ್ ಮತ್ತು ಸ್ವಲ್ಪ ಪ್ರಮಾಣದ ಹೀಲಿಯಂ ಅಯಾನುಗಳ ಪ್ರವಾಹವೇ ಸೌರಮಾರುತ. ಇಂಥದೊಂದು ಪ್ರವಾಹ ಇರಲೇಬೇಕೆಂದು ಭೌತವಿಜ್ಞಾನಿ ಯೂಜೀನ್ ಪಾರ್ಕರ್ 1958ರಲ್ಲಿ ಲೆಕ್ಕ ಹಾಕಿ ತೋರಿಸಿದರು. 1962ರಲ್ಲಿ ಶುಕ್ರನತ್ತ ಹೊರಟ ಮ್ಯಾರಿನರ್ 2 ನೌಕೆ ತಿಂಗಳುಗಟ್ಟಲೆ ಅಳೆದು ಅದನ್ನು ಖಚಿತಪಡಿಸಿತು. ಭೂಮಿಯ ದೂರದಲ್ಲಿ ಇದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 400 ಕಿಲೋಮೀಟರ್ ಆಸುಪಾಸಿನಲ್ಲಿರುತ್ತದೆ, ಕೆಲವೊಮ್ಮೆ 800ಕ್ಕೂ ಏರುತ್ತದೆ. ಒಂದು ಘನ ಸೆಂಟಿಮೀಟರ್‌ನಲ್ಲಿ ಐದಾರು ಪ್ರೋಟಾನ್‌ಗಳಷ್ಟೇ ಇರುತ್ತವೆ. ಜೊತೆಯಲ್ಲಿ ಸುಮಾರು 5 ನ್ಯಾನೋಟೆಸ್ಲಾ ಬಲದ ಕಾಂತಕ್ಷೇತ್ರವನ್ನೂ ಅದು ಹೊತ್ತು ತರುತ್ತದೆ.

ಈ ಪ್ರವಾಹದಲ್ಲಿ ಸುದ್ದಿ ಹರಡುವುದು ಅಲೆಗಳ ಮೂಲಕ. ಕಾಂತಕ್ಷೇತ್ರದ ಬಿಗಿತದಿಂದ ಹುಟ್ಟುವ ಆಲ್ಫ್ವೆನ್ ಅಲೆಯ ವೇಗ ಮೇಲಿನ ಅಂಕಿಗಳಿಗೆ ಸೆಕೆಂಡಿಗೆ ಸುಮಾರು 50 ಕಿಲೋಮೀಟರ್ ಆಗುತ್ತದೆ. ಅಂದರೆ ಸೌರಮಾರುತ ತನ್ನದೇ ಅಲೆಗಿಂತ ಎಂಟು ಪಟ್ಟು ವೇಗವಾಗಿ ಧಾವಿಸುತ್ತಿರುತ್ತದೆ. ಮುಂದೆ ಗ್ರಹವಿದೆ ಎಂಬ ಸುಳಿವನ್ನು ಹೊತ್ತ ಅಲೆಗಳು ಪ್ರವಾಹಕ್ಕೆ ಎದುರಾಗಿ ಸಾಗಲಾರದೆ ಒಂದೆಡೆ ಒಟ್ಟುಗೂಡುತ್ತವೆ, ಅಲ್ಲಿ ಬಿಲ್ಲಿನಾಕಾರದ ಆಘಾತ ನಿಲ್ಲುತ್ತದೆ. ಭೂಮಿಯ ಮುಂದೆ ಅದರ ಮೂಗು ಗ್ರಹದ ಕೇಂದ್ರದಿಂದ ಸುಮಾರು 90,000 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ಪ್ರವಾಹ ಒಮ್ಮೆಗೇ ನಿಧಾನವಾಗುತ್ತದೆ, ದಟ್ಟವಾಗುತ್ತದೆ, ಬಿಸಿಯಾಗುತ್ತದೆ. ಬಳಿಕ ಕಾಂತಗೋಳವನ್ನು ಬಳಸಿಕೊಂಡು ಮುಂದಕ್ಕೆ ಹರಿಯುತ್ತದೆ.

ಇಲ್ಲಿಯವರೆಗಿನ ವಿವರಣೆ ಶಬ್ದಾತೀತ ವಿಮಾನದ ಆಘಾತ ತರಂಗಕ್ಕೂ ಸಲ್ಲುತ್ತದೆ. ಆದರೆ ವಿಮಾನದ ಮುಂದಿನ ಗಾಳಿಯಲ್ಲಿ ಅಣುಗಳು ಪರಸ್ಪರ ಡಿಕ್ಕಿ ಹೊಡೆದು ಚಲನೆಯ ಶಕ್ತಿಯನ್ನು ಶಾಖವಾಗಿ ಹಂಚಿಕೊಳ್ಳುತ್ತವೆ. ಸೌರಮಾರುತದಲ್ಲಿ ಒಂದು ಕಣ ಇನ್ನೊಂದರೊಂದಿಗೆ ಪರಿಣಾಮಕಾರಿಯಾಗಿ ಡಿಕ್ಕಿಯಾಗಬೇಕಾದರೆ ಸರಾಸರಿ ಸೂರ್ಯನಿಂದ ಭೂಮಿಗಿರುವಷ್ಟು ದೂರವನ್ನು ಕ್ರಮಿಸಬೇಕು. ಆಘಾತದ ದಪ್ಪವಾದರೋ ಕೆಲವು ನೂರು ಕಿಲೋಮೀಟರ್ ಮಾತ್ರ. ಡಿಕ್ಕಿಯೇ ನಡೆಯದ ಜಾಗದಲ್ಲಿ ಕಣಗಳು ತಮ್ಮ ವೇಗವನ್ನು ಶಾಖಕ್ಕೆ ಹೇಗೆ ಬದಲಾಯಿಸಿಕೊಳ್ಳುತ್ತವೆ? ಅರವತ್ತು ವರ್ಷಗಳಿಂದ ವಿಜ್ಞಾನಿಗಳನ್ನು ಕಾಡುತ್ತಿರುವ ಪ್ರಶ್ನೆ ಇದೇ. ಸಿಮ್ಯುಲೇಶನ್‌ಗಳ ನಡುವಿನ ಭಿನ್ನಾಭಿಪ್ರಾಯಗಳೆಲ್ಲ ಹುಟ್ಟುವುದೂ ಇಲ್ಲಿಂದಲೇ.

ಒಂದು ಪ್ರೋಟಾನಿನ ದಾರಿ

ಆಘಾತದತ್ತ ಬರುವ ಒಂದೇ ಒಂದು ಪ್ರೋಟಾನನ್ನು ಹಿಂಬಾಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಸೆಕೆಂಡಿಗೆ 400 ಕಿಲೋಮೀಟರ್ ವೇಗದ ಪ್ರೋಟಾನಿನ ಚಲನಶಕ್ತಿ ಸುಮಾರು 835 ಎಲೆಕ್ಟ್ರಾನ್‌ವೋಲ್ಟ್ (ಕಣಗಳ ಶಕ್ತಿಯನ್ನು ಅಳೆಯುವ ಮಾನ). ಅದೇ ವೇಗದಲ್ಲಿ ಜೊತೆಗೇ ಬರುವ ಎಲೆಕ್ಟ್ರಾನಿನದು ಅರ್ಧ ಎಲೆಕ್ಟ್ರಾನ್‌ವೋಲ್ಟಿಗೂ ಕಡಿಮೆ, ಏಕೆಂದರೆ ಅದು 1836 ಪಟ್ಟು ಹಗುರ. ಪ್ರವಾಹದ ಶಕ್ತಿಯೆಲ್ಲ ಪ್ರೋಟಾನ್‌ಗಳ ಬಳಿಯೇ ಇದೆ ಎಂದಾಯಿತು. ಆಘಾತದಲ್ಲಿ ಕಾಂತಕ್ಷೇತ್ರ ಏಕಾಏಕಿ ಏರುವ ಕಡಿದಾದ ಭಾಗವೊಂದಿರುತ್ತದೆ. ಹಗುರವಾದ ಎಲೆಕ್ಟ್ರಾನ್‌ಗಳು ಈ ಏರಿಕೆಗೆ ಕೂಡಲೇ ಸ್ಪಂದಿಸುತ್ತವೆ, ಭಾರದ ಪ್ರೋಟಾನ್‌ಗಳು ತಮ್ಮ ಜಡತ್ವದಿಂದ ಮುಂದಕ್ಕೆ ನುಗ್ಗುತ್ತವೆ; ಎರಡರ ನಡುವಿನ ಈ ವ್ಯತ್ಯಾಸದಿಂದ ಅಲ್ಲೊಂದು ವಿದ್ಯುತ್ ವಿಭವದ (ವೋಲ್ಟೇಜಿನ) ದಿಬ್ಬ ಹುಟ್ಟಿ ಪ್ರೋಟಾನ್‌ಗಳನ್ನು ಎದುರಿನಿಂದ ತಡೆಯುತ್ತದೆ.

ಬಹುಪಾಲು ಪ್ರೋಟಾನ್‌ಗಳು ನಿಧಾನವಾದರೂ ದಿಬ್ಬವನ್ನು ದಾಟುತ್ತವೆ. ಆದರೆ ಒಂದಷ್ಟು ಪ್ರೋಟಾನ್‌ಗಳು, ಬಲವಾದ ಆಘಾತಗಳಲ್ಲಿ ಐದರಲ್ಲಿ ಒಂದರಷ್ಟು, ದಿಬ್ಬದ ವಿಭವ ಮತ್ತು ಏರಿದ ಕಾಂತಕ್ಷೇತ್ರ ಎರಡೂ ಸೇರಿ ಒಡ್ಡುವ ತಡೆಯನ್ನು ದಾಟಲಾರದೆ ಬಂದ ದಿಕ್ಕಿಗೇ ಹಿಂದಿರುಗುತ್ತವೆ. ಕಾಂತಕ್ಷೇತ್ರ ಆಘಾತದ ಮೇಲ್ಮೈಗೆ ಸಮಾನಾಂತರವಾಗಿದ್ದಲ್ಲಿ ಹಿಂದಿರುಗಿದ ಪ್ರೋಟಾನ್ ಹೆಚ್ಚು ದೂರ ಹೋಗಲಾರದು. 5 ನ್ಯಾನೋಟೆಸ್ಲಾ ಕ್ಷೇತ್ರದಲ್ಲಿ ಅದರ ಸುತ್ತುವ ತ್ರಿಜ್ಯ ಸುಮಾರು 835 ಕಿಲೋಮೀಟರ್, ಒಂದು ಪೂರ್ತಿ ಸುತ್ತಿಗೆ 13 ಸೆಕೆಂಡು. ಕೆಲವು ನೂರು ಕಿಲೋಮೀಟರ್ ಮುಂದಕ್ಕೆ ಹೋಗುವಷ್ಟರಲ್ಲಿ ಕಾಂತಕ್ಷೇತ್ರ ಅದನ್ನು ತಿರುಗಿಸುತ್ತದೆ. ಆ ತಿರುವಿನ ಉದ್ದಕ್ಕೂ ಸೌರಮಾರುತದಲ್ಲಿರುವ ವಿದ್ಯುತ್ ಕ್ಷೇತ್ರ ಅದಕ್ಕೆ ಹೆಚ್ಚುವರಿ ಶಕ್ತಿ ಕೊಡುತ್ತದೆ, ಹಾಗಾಗಿ ಎರಡನೆಯ ಸಲ ದಿಬ್ಬಕ್ಕೆ ಬಂದಾಗ ಅದು ದಾಟಿ ಹೋಗುತ್ತದೆ. ದಾಟಿದ ಮೇಲೂ ಅದು ಉಳಿದವುಗಳೊಂದಿಗೆ ನೇರವಾಗಿ ಸಾಗದೆ ದೊಡ್ಡ ಸುತ್ತುಗಳನ್ನು ಹಾಕುತ್ತ ಹೋಗುತ್ತದೆ. ಅಳತೆಯಲ್ಲಿ ನಮಗೆ ಶಾಖವಾಗಿ ಕಾಣುವುದರ ಬಹುಭಾಗ ಹೀಗೆ ಚದುರಿದ ಸುತ್ತಾಟವೇ. ಡಿಕ್ಕಿ ಮಾಡಬೇಕಿದ್ದ ಕೆಲಸವನ್ನು ಇಲ್ಲಿ ಪ್ರತಿಫಲನ ಮಾಡುತ್ತದೆ.

ಕಾಂತಕ್ಷೇತ್ರ ಆಘಾತದ ಮೇಲ್ಮೈಗೆ ಹೆಚ್ಚು ಕಡಿಮೆ ಲಂಬವಾಗಿ ಚುಚ್ಚಿಕೊಂಡಿರುವ ಕಡೆ ಕತೆಯೇ ಬೇರೆ. ಅಲ್ಲಿ ಹಿಂದಿರುಗಿದ ಪ್ರೋಟಾನ್ ಕ್ಷೇತ್ರರೇಖೆಯನ್ನು ಹಿಡಿದು ಸೂರ್ಯನ ಕಡೆಗೆ ಬಹುದೂರ ಸಾಗಬಲ್ಲದು. ಎದುರು ಬರುವ ಸೌರಮಾರುತದೊಳಗೆ ಅದು ನುಗ್ಗುವುದರಿಂದ ಅಲೆಗಳು ಹುಟ್ಟುತ್ತವೆ. ಭೂಮಿಯ ಮುಂದೆ ಸುಮಾರು 30 ಸೆಕೆಂಡು ಅವಧಿಯ ಅಲೆಗಳು ಹೀಗೆ ಬೆಳೆದು, ಪ್ರವಾಹದೊಂದಿಗೆ ಕೊಚ್ಚಿಕೊಂಡು ಬಂದು, ಆಘಾತಕ್ಕೇ ಅಪ್ಪಳಿಸುತ್ತವೆ. ಹಾಗಾಗಿ ಈ ಭಾಗದ ಆಘಾತ ಒಂದು ಗೆರೆಯಾಗಿ ನಿಲ್ಲುವುದೇ ಇಲ್ಲ. ಅದು ತೇಪೆತೇಪೆಯಾಗಿ ಒಡೆದು ಮತ್ತೆ ಕೂಡಿಕೊಳ್ಳುತ್ತಿರುತ್ತದೆ. ಕ್ಷೇತ್ರ ಮತ್ತು ಮೇಲ್ಮೈಯ ಲಂಬರೇಖೆಯ ನಡುವಿನ ಕೋನ 45 ಡಿಗ್ರಿಗಿಂತ ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ಈ ಎರಡು ಬಗೆಗಳನ್ನು ಬೇರ್ಪಡಿಸುವುದು ವಾಡಿಕೆ. ಬೋ ಶಾಕ್ ಬಾಗಿರುವುದರಿಂದ ಒಂದೇ ಗ್ರಹದ ಮುಂದೆ ಒಂದೇ ಹೊತ್ತಿನಲ್ಲಿ ಎರಡೂ ಬಗೆಗಳಿರುತ್ತವೆ. ನುಣುಪಾದ ಚಿತ್ರ ಮತ್ತು ಹರಿದ ಚಿತ್ರ ಎರಡೂ ಒಂದೇ ಆಘಾತದ ಎರಡು ಮಗ್ಗುಲುಗಳಾಗಿರುವ ಸಾಧ್ಯತೆಯೂ ಉಂಟು.

ಲೆಕ್ಕ ಹಾಕುವ ದಾರಿಗಳು

ಹರಿದ ಮಗ್ಗುಲೂ ನುಣುಪಾಗಿ ಕಾಣುವ ಚಿತ್ರಗಳಿವೆ, ಅವಕ್ಕೆ ಕಾರಣ ಲೆಕ್ಕದ ವಿಧಾನ. ಪ್ಲಾಸ್ಮಾವನ್ನು, ಎಂದರೆ ಸೌರಮಾರುತದಂಥ ವಿದ್ಯುದಂಶಭರಿತ ಕಣಗಳ ಅನಿಲವನ್ನು, ಕಾಂತಕ್ಷೇತ್ರದೊಂದಿಗೆ ಹರಿಯುವ ಒಂದು ದ್ರವ ಎಂದು ಪರಿಗಣಿಸುವುದು ಅತ್ಯಂತ ಹಳೆಯ ಮತ್ತು ಅಗ್ಗದ ದಾರಿ. ಕಾಂತದ್ರವ ಚಲನಶಾಸ್ತ್ರದ ಈ ಮಾದರಿಗಳಲ್ಲಿ ಪ್ರತಿಯೊಂದು ಜಾಗಕ್ಕೂ ಒಂದು ಸಾಂದ್ರತೆ, ಒಂದು ವೇಗ, ಒಂದು ತಾಪಮಾನ ಇರುತ್ತದೆ. ಆಘಾತದ ಹಿಂದೆ ಮುಂದೆ ದ್ರವ್ಯ, ಸಂವೇಗ ಮತ್ತು ಶಕ್ತಿ ಸಂರಕ್ಷಣೆಯಾಗಬೇಕು ಎಂಬ ನಿಯಮ ಒಂದೇ ಸಾಕು, ಬೋ ಶಾಕ್ ಎಲ್ಲಿ ನಿಲ್ಲುತ್ತದೆ, ಸಾಂದ್ರತೆ ಎಷ್ಟು ಪಟ್ಟು ಏರುತ್ತದೆ ಎಂಬುದನ್ನು ಇವು ಚೆನ್ನಾಗಿ ಹೇಳುತ್ತವೆ. ಸಾಂದ್ರತೆಯ ಏರಿಕೆ ನಾಲ್ಕು ಪಟ್ಟನ್ನು ಮೀರದು ಎಂಬುದೂ ಈ ಲೆಕ್ಕದಿಂದಲೇ ಬರುತ್ತದೆ. ಆದರೆ ಹಿಂದಿರುಗುವ ಪ್ರೋಟಾನ್ ಇಲ್ಲಿ ಇರಲು ಸಾಧ್ಯವೇ ಇಲ್ಲ. ಒಂದೇ ಜಾಗದಲ್ಲಿ ಒಂದು ಗುಂಪು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಸಾಗುವುದನ್ನು ಒಂದೇ ವೇಗವಿರುವ ದ್ರವ ತೋರಿಸಲಾರದು. ಪ್ರತಿಫಲನವಿಲ್ಲದ ಕಡೆ ಅದರಿಂದ ಹುಟ್ಟುವ ಅಲೆಗಳೂ ಇಲ್ಲ, ಹರಿದ ಮಗ್ಗುಲೂ ಇಲ್ಲ.

ಎರಡನೆಯದು ಹೈಬ್ರಿಡ್ ಮಾದರಿ. ಇದರಲ್ಲಿ ಅಯಾನುಗಳನ್ನು, ಮುಖ್ಯವಾಗಿ ಪ್ರೋಟಾನ್‌ಗಳನ್ನು, ಒಂದೊಂದು ಕಣವಾಗಿ ಹಿಂಬಾಲಿಸುತ್ತಾರೆ. ಎಲೆಕ್ಟ್ರಾನ್‌ಗಳನ್ನು ಮಾತ್ರ ವಿದ್ಯುದಂಶವನ್ನು ಸರಿದೂಗಿಸುವ, ಬಹುತೇಕ ದ್ರವ್ಯರಾಶಿಯೇ ಇಲ್ಲದ ದ್ರವ ಎಂದು ಇಟ್ಟುಕೊಳ್ಳುತ್ತಾರೆ. ಪ್ರತಿಫಲನ, ಆಘಾತದ ಮುಂದಿನ ಅಲೆಗಳು, ಆಘಾತದ ಒಡೆತ ಎಲ್ಲವೂ ಇಲ್ಲಿ ತಾವಾಗಿ ಹುಟ್ಟುತ್ತವೆ. ಕಣಗಳ ಬದಲು ಕಣಗಳ ಹಂಚಿಕೆಯನ್ನೇ ಸ್ಥಳದ ಮೂರು ಮತ್ತು ವೇಗದ ಮೂರು ಆಯಾಮಗಳ ಜಾಲದಲ್ಲಿ ಲೆಕ್ಕ ಹಾಕುವ ರೂಪವೂ ಉಂಟು. ಹೆಲ್ಸಿಂಕಿ ವಿಶ್ವವಿದ್ಯಾಲಯದ ವ್ಲಾಸಿಯೇಟರ್ ತಂತ್ರಾಂಶ ಇದಕ್ಕೆ ಹೆಸರುವಾಸಿ. ಕಣಗಳನ್ನು ಎಣಿಸುವ ಮಾದರಿಯಲ್ಲಿ ಒಂದು ಕೋಶದಲ್ಲಿ ನೂರು ಕಣಗಳಿದ್ದರೆ ಹತ್ತು ಶೇಕಡಾದಷ್ಟು ಗದ್ದಲ ಸೇರಿಕೊಳ್ಳುತ್ತದೆ. ಹಂಚಿಕೆಯ ಮಾದರಿ ಆ ಗದ್ದಲದಿಂದ ಪಾರಾಗುತ್ತದೆ, ಆದರೆ ಆರು ಆಯಾಮಗಳ ಜಾಲಕ್ಕೆ ಬೇಕಾಗುವ ಅಪಾರ ಮೆಮೊರಿ ಅದಕ್ಕೆ ತೆರಬೇಕಾದ ಬೆಲೆ.

ಮೂರನೆಯದು ಪೂರ್ಣ ಕಣ ಮಾದರಿ. ಅದರಲ್ಲಿ ಅಯಾನು, ಎಲೆಕ್ಟ್ರಾನ್ ಎರಡೂ ಕಣಗಳೇ; ಅವುಗಳ ಚಲನೆಯಿಂದ ಹುಟ್ಟುವ ವಿದ್ಯುತ್ ಮತ್ತು ಕಾಂತಕ್ಷೇತ್ರಗಳನ್ನು ಮ್ಯಾಕ್ಸ್‌ವೆಲ್ ಸಮೀಕರಣಗಳಿಂದ ಪಡೆದು, ಆ ಕ್ಷೇತ್ರಗಳಲ್ಲಿ ಕಣಗಳನ್ನು ಮತ್ತೆ ಒಂದು ಹೆಜ್ಜೆ ಮುಂದಕ್ಕೆ ಸರಿಸುತ್ತಾರೆ. ತಾತ್ವಿಕವಾಗಿ ಇದರಲ್ಲಿ ಬಿಟ್ಟುಹೋಗುವುದು ಬಹಳ ಕಡಿಮೆ. ಹಾಗಿದ್ದ ಮೇಲೆ ಎಲ್ಲರೂ ಇದನ್ನೇ ಏಕೆ ಬಳಸಬಾರದು ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಸರಳ ಗುಣಾಕಾರದಲ್ಲಿದೆ.

ಗುಣಾಕಾರ ಮಾಡಿ ನೋಡಿದರೆ

ಭೂಮಿಯ ಬೋ ಶಾಕ್‌ನ ಮುಂಭಾಗವನ್ನು ಒಳಗೊಳ್ಳಲು ಬದಿಗೆ 2,00,000 ಕಿಲೋಮೀಟರ್‌ನ ಒಂದು ಘನವನ್ನು ತೆಗೆದುಕೊಳ್ಳೋಣ. ಅಯಾನುಗಳ ವರ್ತನೆ ಕಾಣಬೇಕಾದರೆ ಜಾಲದ ಕೋಶ ಸುಮಾರು 100 ಕಿಲೋಮೀಟರ್ ಇರಬೇಕು. ಒಂದೊಂದು ಬದಿಗೆ 2,000 ಕೋಶಗಳಾದವು, ಒಟ್ಟು 800 ಕೋಟಿ. ಕೋಶಕ್ಕೆ ನೂರು ಕಣ, ಕಣವೊಂದಕ್ಕೆ ಸ್ಥಾನ ಮತ್ತು ವೇಗದ ಆರು ಸಂಖ್ಯೆ ಎಂದರೆ ಸುಮಾರು 38 ಟೆರಾಬೈಟ್ ಮೆಮೊರಿ ಬೇಕು. ದೊಡ್ಡದೇ, ಆದರೆ ಇಂದಿನ ಸೂಪರ್‌ಕಂಪ್ಯೂಟರ್‌ಗಳಿಗೆ ನಿಲುಕುವಂಥದು.

ಎಲೆಕ್ಟ್ರಾನ್‌ಗಳ ವರ್ತನೆಯೂ ಕಾಣಬೇಕೆಂದರೆ ಕೋಶ 2 ಕಿಲೋಮೀಟರ್‌ಗೆ ಇಳಿಯಬೇಕು. ಕೋಶಗಳು 10 ಕೋಟಿ ಕೋಟಿಯಾಗುತ್ತವೆ, ಮೆಮೊರಿ 48 ಲಕ್ಷ ಟೆರಾಬೈಟ್ ಆಗುತ್ತದೆ. ಪೂರ್ಣ ಕಣ ಮಾದರಿಯ ಸಾಮಾನ್ಯ ರೂಪಕ್ಕೆ ಇದೂ ಸಾಲದು. ಅದು ಸ್ಥಿರವಾಗಿ ನಡೆಯಬೇಕಾದರೆ ವಿದ್ಯುದಂಶಗಳು ಒಂದನ್ನೊಂದು ಮರೆಮಾಡುವ ಡಿಬೈ ಉದ್ದದಷ್ಟು, ಎಂದರೆ ಸೌರಮಾರುತದಲ್ಲಿ ಸುಮಾರು ಹತ್ತು ಮೀಟರ್‌ನಷ್ಟು, ಚಿಕ್ಕ ಕೋಶ ಬೇಕು. ಆಗ ಕೋಶಗಳ ಸಂಖ್ಯೆ 8ರ ಮುಂದೆ 21 ಸೊನ್ನೆ. ಕಾಲದ ಲೆಕ್ಕವೂ ಹೀಗೆಯೇ. ಪ್ರೋಟಾನಿನ ಒಂದು ಸುತ್ತಿಗೆ 13 ಸೆಕೆಂಡು ಬೇಕಾದರೆ ಎಲೆಕ್ಟ್ರಾನ್‌ಗಳ ಪ್ಲಾಸ್ಮಾ ಕಂಪನದ ಅವಧಿ ಸೆಕೆಂಡಿನ 20,000ದ ಒಂದು ಭಾಗ; ಲೆಕ್ಕದ ಒಂದೊಂದು ಹೆಜ್ಜೆ ಅದಕ್ಕಿಂತಲೂ ಚಿಕ್ಕದಿರಬೇಕು. ಸೆಕೆಂಡಿಗೆ ಹತ್ತು ಸಾವಿರ ಕೋಟಿ ಕೋಟಿ ಲೆಕ್ಕಗಳ ಗಡಿಯನ್ನು 2022ರಲ್ಲಿ ದಾಟಿದ ಫ್ರಾಂಟಿಯರ್‌ನಂಥ ಯಂತ್ರಕ್ಕೂ ಇದು ಹತ್ತಿರದಲ್ಲಿಲ್ಲ.

ಆದ್ದರಿಂದ ಪೂರ್ಣ ಕಣ ಮಾದರಿಯವರು ರಾಜಿ ಮಾಡಿಕೊಳ್ಳುತ್ತಾರೆ. ಇಡೀ ಗ್ರಹವನ್ನು ಬಿಟ್ಟು ಆಘಾತದ ಒಂದು ಚಿಕ್ಕ ತುಣುಕನ್ನು ಮಾತ್ರ, ಅದೂ ಎಷ್ಟೋ ಸಲ ಒಂದು ಅಥವಾ ಎರಡು ಆಯಾಮದಲ್ಲಿ, ತೆಗೆದುಕೊಳ್ಳುತ್ತಾರೆ. ಪ್ರೋಟಾನ್ ಎಲೆಕ್ಟ್ರಾನಿಗಿಂತ 1836 ಪಟ್ಟು ಭಾರ ಎಂಬುದರ ಬದಲು 25, 100 ಅಥವಾ 400 ಪಟ್ಟು ಎಂದು ಇಟ್ಟುಕೊಳ್ಳುತ್ತಾರೆ. ಎರಡರ ಅಳತೆಗಳು ಹತ್ತಿರವಾದಷ್ಟೂ ಲೆಕ್ಕ ಅಗ್ಗವಾಗುತ್ತದೆ. ಬೆಳಕಿನ ವೇಗವನ್ನೂ ಪ್ಲಾಸ್ಮಾದ ವೇಗಕ್ಕೆ ಹೋಲಿಸಿದರೆ ಇರಬೇಕಾದದ್ದಕ್ಕಿಂತ ಬಹಳ ಕಡಿಮೆಗೆ ಇಳಿಸುತ್ತಾರೆ. ಕೆಲವರು ಗ್ರಹವನ್ನೇ ಕುಗ್ಗಿಸುತ್ತಾರೆ. ಇವೆಲ್ಲ ಸಂಶೋಧನಾ ಲೇಖನಗಳಲ್ಲಿ ಬಹಿರಂಗವಾಗಿ ಬರೆದಿರುವ ಸಂಗತಿಗಳೇ, ಯಾರೂ ಮುಚ್ಚಿಟ್ಟವಲ್ಲ. ಸುದ್ದಿಯಾಗಿ ಹೊರಬರುವಾಗ ಮಾತ್ರ ಆ ಒಂದು ಸಾಲು ಬಿದ್ದುಹೋಗುತ್ತದೆ, ಓದುಗರಿಗೆ ಅತ್ಯಗತ್ಯವಾಗಿದ್ದದ್ದು ಅದೇ ಸಾಲು.

ವಾದವಿರುವುದು ಎಲೆಕ್ಟ್ರಾನ್‌ಗಳ ಬಗ್ಗೆ

ಈ ರಾಜಿಗಳು ಫಲಿತಾಂಶವನ್ನು ಕೆಡಿಸುತ್ತವೆಯೇ ಎಂಬುದರ ಬಗ್ಗೆ ಎರಡು ನಿಲುವುಗಳಿವೆ. ಪ್ರವಾಹದ ಶಕ್ತಿ ಅಯಾನುಗಳಲ್ಲಿರುವುದರಿಂದ ಅವನ್ನು ಸರಿಯಾಗಿ ಹಿಂಬಾಲಿಸಿದರೆ ಸಾಕು, ಎಲೆಕ್ಟ್ರಾನ್‌ಗಳ ಸೂಕ್ಷ್ಮ ವಿವರ ದೊಡ್ಡ ಚಿತ್ರವನ್ನು ಬದಲಿಸದು ಎಂಬುದು ಹೈಬ್ರಿಡ್ ಮಾದರಿಯವರ ನಿಲುವು. ಇದಕ್ಕೆ ಗಟ್ಟಿ ಆಧಾರವಿದೆ: ಆಘಾತದ ಹಿಂದೆ ಅಯಾನುಗಳ ತಾಪಮಾನ ಎಲೆಕ್ಟ್ರಾನ್‌ಗಳದ್ದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ ಮತ್ತು 30 ಸೆಕೆಂಡಿನ ಅಲೆಗಳಂಥ ಸಂಗತಿಗಳನ್ನು ಹೈಬ್ರಿಡ್ ಮಾದರಿಗಳು ಅಳತೆಗೆ ತಕ್ಕಂತೆ ತೋರಿಸುತ್ತವೆ. ಇನ್ನೊಂದು ಪಕ್ಷದ ಪ್ರಕಾರ ಆಘಾತದ ಕಡಿದಾದ ಭಾಗ ಎಷ್ಟು ತೆಳುವಾಗಬಲ್ಲದು, ವಿಭವದ ದಿಬ್ಬ ಎಷ್ಟು ಎತ್ತರ, ಯಾವ ಪ್ರೋಟಾನ್ ಹಿಂದಿರುಗುತ್ತದೆ ಎಂಬುದನ್ನೆಲ್ಲ ಕೊನೆಗೆ ತೀರ್ಮಾನಿಸುವುದು ಎಲೆಕ್ಟ್ರಾನ್‌ಗಳೇ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಕ್ಲಸ್ಟರ್ ನೌಕೆಗಳು ಭೂಮಿಯ ಬೋ ಶಾಕ್ ದಾಟುವಾಗ ಅಳೆದ ಒಂದು ಪ್ರಸಂಗದಲ್ಲಿ ಎಲೆಕ್ಟ್ರಾನ್‌ಗಳ ತಾಪಮಾನದ ಏರಿಕೆಯಲ್ಲಿ ಅರ್ಧದಷ್ಟು ಸುಮಾರು 17 ಕಿಲೋಮೀಟರ್‌ನೊಳಗೇ ನಡೆದಿತ್ತು. 100 ಕಿಲೋಮೀಟರ್ ಕೋಶಗಳ ಜಾಲದಲ್ಲಿ ಅದು ಒಂದು ಕೋಶದೊಳಗೇ ಅಡಗಿಹೋಗುತ್ತದೆ.

ಆಘಾತದ ಮರುಹುಟ್ಟಿನ ಪ್ರಶ್ನೆ ಈ ಭಿನ್ನಾಭಿಪ್ರಾಯವನ್ನು ಸ್ಪಷ್ಟವಾಗಿ ಎತ್ತಿ ತೋರಿಸುತ್ತದೆ. ಒಂದು ಆಯಾಮದ ಪೂರ್ಣ ಕಣ ಸಿಮ್ಯುಲೇಶನ್‌ಗಳಲ್ಲಿ ಹಿಂದಿರುಗಿದ ಪ್ರೋಟಾನ್‌ಗಳು ಮುಂದೆ ಒಟ್ಟುಗೂಡಿ ಹೊಸದೊಂದು ಕಡಿದಾದ ಮುಖವನ್ನು ಕಟ್ಟುತ್ತವೆ, ಹಳೆಯದು ಕರಗುತ್ತದೆ. ಪ್ರೋಟಾನ್ ಸುತ್ತಿನ ಅವಧಿಗೆ ಹತ್ತಿರದ ಲಯದಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ. ಆದರೆ ಎರಡು ಆಯಾಮಕ್ಕೆ ಹೋದಾಗ ಆಘಾತದ ಮುಖದಲ್ಲಿ ವಿಸ್ಲರ್ ಎಂಬ ವೇಗದ ಅಲೆಗಳು ಹುಟ್ಟಿ, ಕೆಲವು ಪರಿಸ್ಥಿತಿಗಳಲ್ಲಿ ಈ ಮರುಹುಟ್ಟನ್ನೇ ಅಡಗಿಸುವುದು ಕಂಡಿದೆ. ಆಯಾಮವನ್ನೋ ದ್ರವ್ಯರಾಶಿಯ ಅನುಪಾತವನ್ನೋ ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ಮರುಹುಟ್ಟಿನ ಕುರುಹುಗಳನ್ನು ಭೂಮಿಯ ಬಳಿಯೂ ಶನಿಯ ಬಳಿಯೂ ನೌಕೆಗಳು ದಾಖಲಿಸಿವೆ, ಹಾಗಾಗಿ ಅದು ಬರೀ ಗಣಕದ ಭ್ರಮೆಯಲ್ಲ. ಯಾವಾಗ ನಡೆಯುತ್ತದೆ, ಯಾವಾಗ ಇಲ್ಲ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರವೆನ್ನಬೇಕು. ಬೋ ಶಾಕ್ ದಾಟುವ ನೌಕೆಗಳು ಅತಿ ಕಿರುತರಂಗಾಂತರದ, ಬಹಳ ಬಲವಾದ ವಿದ್ಯುತ್ ಅಲೆಗಳನ್ನು ಅಳೆಯುತ್ತವೆ. ಅವುಗಳ ಬಲ ಅಲ್ಲಿನ ಸ್ಥಿರ ವಿದ್ಯುತ್ ಕ್ಷೇತ್ರವನ್ನು ಎಷ್ಟೋ ಪಟ್ಟು ಮೀರುತ್ತದೆ. ಪೂರ್ಣ ಕಣ ಸಿಮ್ಯುಲೇಶನ್‌ಗಳಲ್ಲಿ ಸ್ಥಿರ ಕ್ಷೇತ್ರವೇ ದೊಡ್ಡದಾಗಿ, ಅಲೆಗಳು ಕ್ಷೀಣವಾಗಿ ಕಾಣುವುದು ಸಾಮಾನ್ಯ. ಮುಖ್ಯ ಶಂಕೆ ಇರುವುದು ಮೇಲೆ ಹೇಳಿದ ರಾಜಿಯ ಮೇಲೆಯೇ. ಸೌರಮಾರುತದಲ್ಲಿ ಎಲೆಕ್ಟ್ರಾನ್‌ಗಳ ಪ್ಲಾಸ್ಮಾ ಕಂಪನ ಸೆಕೆಂಡಿಗೆ ಸುಮಾರು 20,000, ಕಾಂತಕ್ಷೇತ್ರದ ಸುತ್ತ ಅವು ಹಾಕುವ ಸುತ್ತು ಸೆಕೆಂಡಿಗೆ ಸುಮಾರು 140. ಅನುಪಾತ ನೂರನ್ನು ಮೀರುತ್ತದೆ. ಬೆಳಕಿನ ವೇಗವನ್ನು ಇಳಿಸಿದ ಸಿಮ್ಯುಲೇಶನ್‌ಗಳಲ್ಲಿ ಇದು ಹತ್ತರ ಒಳಗೇ ಇರುವುದು ವಾಡಿಕೆ. ಹೀಗಿರುವಾಗ ಎಲೆಕ್ಟ್ರಾನ್‌ಗಳು ಎಷ್ಟು ಬಿಸಿಯಾಗುತ್ತವೆ ಎಂಬ ಪ್ರಶ್ನೆಗೆ ಇಂಥ ಸಿಮ್ಯುಲೇಶನ್ ಕೊಡುವ ಸಂಖ್ಯೆಯನ್ನು ಅಂತಿಮವೆಂದು ಸ್ವೀಕರಿಸುವುದು ಸರಿಯಲ್ಲ. ಒಟ್ಟು ಶಾಖ ಎಷ್ಟು ಎಂಬುದನ್ನು ಸಂರಕ್ಷಣಾ ನಿಯಮಗಳೇ ಹೇಳುತ್ತವೆ. ಅದರಲ್ಲಿ ಅಯಾನುಗಳ ಪಾಲೆಷ್ಟು, ಎಲೆಕ್ಟ್ರಾನ್‌ಗಳ ಪಾಲೆಷ್ಟು ಎಂಬುದನ್ನು ಅವು ಹೇಳುವುದಿಲ್ಲ. ಸಿಮ್ಯುಲೇಶನ್ ಬೇಕಾಗಿರುವುದೇ ಆ ಪಾಲಿಗಾಗಿ.

ಅಳತೆಗೂ ಅದರದೇ ಮಿತಿಯಿದೆ. ಬೋ ಶಾಕ್ ನೌಕೆಯ ಮೇಲೆ ಸೆಕೆಂಡಿಗೆ 50 ಕಿಲೋಮೀಟರ್ ವೇಗದಲ್ಲಿ ಸರಿದುಹೋದರೆ 17 ಕಿಲೋಮೀಟರ್ ದಪ್ಪದ ಪದರ ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಕಳೆದುಹೋಗುತ್ತದೆ. 2015ರಲ್ಲಿ ಹಾರಿದ, ಭೂಮಿಯ ಕಾಂತಗೋಳವನ್ನು ಅಳೆಯುವ ನಾಸಾದ ಎಂಎಂಎಸ್ ಯೋಜನೆಯ ನಾಲ್ಕು ನೌಕೆಗಳು ಎಲೆಕ್ಟ್ರಾನ್‌ಗಳ ಪೂರ್ತಿ ಹಂಚಿಕೆಯನ್ನು ಸೆಕೆಂಡಿನ ಸಾವಿರದ 30 ಭಾಗಕ್ಕೊಮ್ಮೆ, ಅಯಾನುಗಳದನ್ನು 150 ಭಾಗಕ್ಕೊಮ್ಮೆ ಅಳೆಯುತ್ತವೆ. ಆ ಪದರದಲ್ಲಿ ಎಲೆಕ್ಟ್ರಾನ್‌ಗಳ ಹತ್ತು ಹನ್ನೊಂದು ಅಳತೆಗಳು ಸಿಗುತ್ತವೆ, ಅಯಾನುಗಳದ್ದು ಎರಡು. ಅದೂ ನೌಕೆಗಳು ಹಾದುಹೋದ ಒಂದು ಗೆರೆಯ ಉದ್ದಕ್ಕೆ ಮಾತ್ರ. ಇಡೀ ಆಘಾತವನ್ನು ಒಮ್ಮೆಗೇ ನೋಡುವ ಸಾಧನ ನೌಕೆಗಳಲ್ಲಿಲ್ಲ, ಸಿಮ್ಯುಲೇಶನ್‌ನಲ್ಲಿದೆ. ಆದ್ದರಿಂದಲೇ ಸಿಮ್ಯುಲೇಶನ್‌ನಲ್ಲೂ ಒಂದು ಕಾಲ್ಪನಿಕ ನೌಕೆಯನ್ನು ಅದೇ ಗೆರೆಯಲ್ಲಿ ಹಾಯಿಸಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಪದ್ಧತಿ ಬೆಳೆದಿದೆ. ಹೀಗೆ ಹೋಲಿಸಿದ ಫಲಿತಾಂಶವೆಂದು ಹೇಳಿಕೊಳ್ಳುವ ಸುದ್ದಿಗೆ ಬರಿಯ ಚಿತ್ರವಿರುವ ಸುದ್ದಿಗಿಂತ ಹೆಚ್ಚು ತೂಕ ಕೊಡಬೇಕು.

ಮಂಗಳನಿಗೆ ದ್ರವ ಮಾದರಿ ಸಾಲದು

ಯಾವ ಮಾದರಿ ಬೇಕು ಎಂಬುದು ಗ್ರಹದ ಮೇಲೂ ನಿಂತಿದೆ. ಮಂಗಳನಿಗೆ ಭೂಮಿಯಂತೆ ಇಡೀ ಗ್ರಹವನ್ನು ಆವರಿಸುವ ಕಾಂತಕ್ಷೇತ್ರವಿಲ್ಲ. ಅದರ ಅಯಾನುಗೋಳವೇ ಸೌರಮಾರುತಕ್ಕೆ ಅಡ್ಡ ನಿಲ್ಲುತ್ತದೆ, ಮೊದಲು ಹೇಳಿದ ಕಾಂತಗೋಳ ರೂಪುಗೊಳ್ಳುವುದೂ ಈ ತಡೆಯಿಂದಲೇ. ಹಾಗಾಗಿ ಬೋ ಶಾಕ್‌ನ ಮೂಗು ನೆಲದಿಂದ ಸುಮಾರು 2,000 ಕಿಲೋಮೀಟರ್ ಎತ್ತರದಲ್ಲಷ್ಟೇ ಇದೆ. ಅಲ್ಲಿನ 3 ನ್ಯಾನೋಟೆಸ್ಲಾ ಆಸುಪಾಸಿನ ಕ್ಷೇತ್ರದಲ್ಲಿ ಪ್ರೋಟಾನಿನ ಸುತ್ತುವ ತ್ರಿಜ್ಯವೇ ಸುಮಾರು 1,400 ಕಿಲೋಮೀಟರ್. ಒಂದು ಸುತ್ತು ಮುಗಿಸಲೂ ಜಾಗವಿಲ್ಲದ ಕಡೆ ಪ್ರೋಟಾನ್‌ಗಳು ದ್ರವದಂತೆ ವರ್ತಿಸುತ್ತವೆ ಎಂದು ಊಹಿಸುವುದು ಕಷ್ಟ. ಮಂಗಳನ ಮೇಲ್ವಾತಾವರಣದಿಂದ ಕಿತ್ತುಹೋಗುವ ಆಮ್ಲಜನಕದ ಅಯಾನು 16 ಪಟ್ಟು ಭಾರವಾಗಿರುವುದರಿಂದ ಸೌರಮಾರುತದ ವೇಗ ಹಿಡಿದಾಗ ಅದರ ತ್ರಿಜ್ಯ 20,000 ಕಿಲೋಮೀಟರ್ ದಾಟುತ್ತದೆ. ಆ ಒಂದು ಸುತ್ತಿನ ಮುಂದೆ 3,390 ಕಿಲೋಮೀಟರ್ ತ್ರಿಜ್ಯದ ಗ್ರಹವೇ ಚಿಕ್ಕದು. ಗ್ರಹ ತನ್ನ ಗಾಳಿಯನ್ನು ಎಷ್ಟು ಕಳೆದುಕೊಳ್ಳುತ್ತಿದೆ ಎಂದು ಲೆಕ್ಕ ಹಾಕುವವರಿಗೆ ಹೈಬ್ರಿಡ್ ಮಾದರಿ ಅನಿವಾರ್ಯವಾಗುವುದು ಇದರಿಂದ. ಬುಧನ ಪುಟ್ಟ ಕಾಂತಗೋಳಕ್ಕೂ ಇದೇ ಮಾತು ಅನ್ವಯಿಸುತ್ತದೆ. ಗುರುವಿನ ಕಾಂತಗೋಳ ಇದಕ್ಕೆ ತದ್ವಿರುದ್ಧ. ಅದು ಅಷ್ಟು ವಿಶಾಲವಾಗಿರುವುದರಿಂದ ಒಟ್ಟು ಆಕಾರವನ್ನು ದ್ರವ ಮಾದರಿಯೇ ಸಮರ್ಪಕವಾಗಿ ಕೊಡಬಲ್ಲದು.

ಎರಡು ಸುದ್ದಿಗಳು ಏಕೆ ಬೇರೆಯಾದವು

ಈಗ ಮೊದಲ ಪ್ರಶ್ನೆಯನ್ನು ಬಿಡಿಸಬಹುದು. ತೆಳುವಾದ ಸೌರಮಾರುತ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದು, ಅದು ಗ್ರಹದ ಮೇಲೆ ಹೇರುವ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಅಡ್ಡ ನಿಂತದ್ದು ಹಿಗ್ಗುತ್ತದೆ. ಮಂಗಳನಲ್ಲಿ ಸುದ್ದಿಯಾದದ್ದು ಇದು. ಎರಡು, ಕಣಗಳು ಕಡಿಮೆಯಾದಾಗ ಕಾಂತಕ್ಷೇತ್ರ ಎಳೆದಾಡಬೇಕಾದ ದ್ರವ್ಯ ಕಡಿಮೆಯಾಗಿ ಆಲ್ಫ್ವೆನ್ ಅಲೆಯ ವೇಗ ಏರುತ್ತದೆ. ಆಘಾತದ ಹಣೆಬರಹವನ್ನು ನಿರ್ಧರಿಸುವುದು ಈ ಎರಡನೆಯದು.

1999ರ ಮೇ ತಿಂಗಳ ಘಟನೆಯನ್ನು ನಡುವೆ ಇಟ್ಟು ನೋಡಿದರೆ ಇದು ಮನದಟ್ಟಾಗುತ್ತದೆ. ಆಗ ಭೂಮಿಯ ಬಳಿ ಸೌರಮಾರುತದ ಸಾಂದ್ರತೆ 98 ಶೇಕಡಾದಷ್ಟು ಕುಸಿದು, ಕಾಂತಗೋಳ ಐದಾರು ಪಟ್ಟು ಹಿಗ್ಗಿತು. ಅದುವರೆಗೆ ದಾಖಲಾದವುಗಳಲ್ಲಿ ಅತ್ಯಂತ ದೂರದ ಬೋ ಶಾಕ್ ಅನ್ನು ನೌಕೆಗಳು ಕಂಡವು. ಕಾಂತಕ್ಷೇತ್ರ ಎಂದಿನಂತೆ 5 ನ್ಯಾನೋಟೆಸ್ಲಾ ಇದ್ದು ಸಾಂದ್ರತೆ ಘನ ಸೆಂಟಿಮೀಟರ್‌ಗೆ 0.2ಕ್ಕೆ ಇಳಿದರೆ ಅಲೆಯ ವೇಗ ಸೆಕೆಂಡಿಗೆ 244 ಕಿಲೋಮೀಟರ್ ಆಗುತ್ತದೆ. 400ರ ವೇಗದ ಪ್ರವಾಹ ಆಗಲೂ ಅಲೆಯನ್ನು ಮೀರಿಸುತ್ತದೆ. ಆಘಾತ ದುರ್ಬಲವಾಗುತ್ತದೆ, ದೂರ ಸರಿಯುತ್ತದೆ, ಆದರೆ ಇರುತ್ತದೆ. 2023ರ ಏಪ್ರಿಲ್‌ನಲ್ಲಿ ಬಂದದ್ದು ಕಾಂತೀಯ ಮೋಡ. ಅದರಲ್ಲಿ ಸಾಂದ್ರತೆ ಕಡಿಮೆ ಇದ್ದದ್ದಲ್ಲದೆ ಕಾಂತಕ್ಷೇತ್ರವೂ ಬಲವಾಗಿತ್ತು. ಉದಾಹರಣೆಗೆ 20 ನ್ಯಾನೋಟೆಸ್ಲಾ ಕ್ಷೇತ್ರ, 0.3 ಸಾಂದ್ರತೆ ಎಂದು ಇಟ್ಟುಕೊಂಡರೆ ಅಲೆಯ ವೇಗ ಸೆಕೆಂಡಿಗೆ ಸುಮಾರು 800 ಕಿಲೋಮೀಟರ್. ಪ್ರವಾಹ 600ರ ವೇಗದಲ್ಲಿ ಬಂದರೂ ಅಲೆಯೇ ಮುಂದಿರುತ್ತದೆ. ಗ್ರಹದ ಸುಳಿವು ಪ್ರವಾಹಕ್ಕೆ ಮೊದಲೇ ತಲುಪುವುದರಿಂದ ಆಘಾತ ಬೇಕಾಗಿಯೇ ಇಲ್ಲ. ಬಾಲದ ಬದಲು ಕ್ಷೇತ್ರರೇಖೆಗಳ ಉದ್ದಕ್ಕೆ ಎರಡು ಕಡೆ ಚಾಚಿದ ಆಲ್ಫ್ವೆನ್ ರೆಕ್ಕೆಗಳು ಮೂಡುತ್ತವೆ. ಎಂಎಂಎಸ್ ಆ ದಿನ ಹಾದುಹೋದದ್ದು ಇಂಥ ರೆಕ್ಕೆಯ ಪ್ರದೇಶವನ್ನು. ಭೂಮಿಗೆ ಇದು ಅಪರೂಪ. ಗುರುವಿನ ಕಾಂತಗೋಳದೊಳಗೆ ಸುತ್ತುವ ಅದರ ಉಪಗ್ರಹಗಳಿಗೆ ಇದೇ ನಿತ್ಯದ ಸ್ಥಿತಿ.

ರೆಕ್ಕೆಗಳ ಒಟ್ಟು ಆಕಾರವನ್ನು ದ್ರವ ಮಾದರಿಗಳೇ ಚೆನ್ನಾಗಿ ತೋರಿಸುತ್ತವೆ ಎಂಬುದನ್ನೂ ಹೇಳಬೇಕು. ಹಿಂದಿರುಗುವ ಕಣಗಳಿಗೆ ಇಲ್ಲಿ ಪ್ರಧಾನ ಪಾತ್ರವಿಲ್ಲ. ಅತ್ಯಂತ ದುಬಾರಿ ಸಿಮ್ಯುಲೇಶನ್ ಎಲ್ಲ ಪ್ರಶ್ನೆಗೂ ಉತ್ತಮ ಸಿಮ್ಯುಲೇಶನ್ ಅಲ್ಲ.

ಮುಂದೆ ಆಗುವುದೇನು

ಅಂತರಿಕ್ಷ ಹವಾಮಾನದ ಮುನ್ಸೂಚನೆ ಇಂದು ನಡೆಯುತ್ತಿರುವುದು ಬಹುಮಟ್ಟಿಗೆ ದ್ರವ ಮಾದರಿಗಳ ಮೇಲೆ, ಅವು ಮಾತ್ರ ಸೌರಮಾರುತ ತಲುಪುವ ಮೊದಲೇ ಲೆಕ್ಕ ಮುಗಿಸಬಲ್ಲವು. ಉಪಗ್ರಹಗಳನ್ನೂ ವಿದ್ಯುತ್ ಜಾಲಗಳನ್ನೂ ಕಾಡುವ ದೊಡ್ಡ ಬಿರುಗಾಳಿಗಳಿಗೆ ಇದು ಉಪಯುಕ್ತ. ಆದರೆ ಆಘಾತದ ಹರಿದ ಮಗ್ಗುಲಿನಿಂದ ಆಗಾಗ ಚಿಮ್ಮಿ ಕಾಂತಗೋಳಕ್ಕೆ ಬಡಿಯುವ ವೇಗದ ಪ್ಲಾಸ್ಮಾ ಚಿಲುಮೆಗಳು ಇವುಗಳ ಕಣ್ಣಿಗೆ ಬೀಳುವುದಿಲ್ಲ. ಶಾಂತವಾದ ದಿನಗಳಲ್ಲೂ ಕಾಂತಗೋಳ ಏಕೆ ಕಂಪಿಸುತ್ತದೆ ಎಂಬುದರ ಒಂದು ಕಾರಣ ಅವುಗಳಲ್ಲಿದೆ. ಇಡೀ ಕಾಂತಗೋಳಕ್ಕೆ ದ್ರವ ಮಾದರಿಯನ್ನು ಬಳಸಿ, ಆಯ್ದ ಭಾಗದೊಳಗೆ ಮಾತ್ರ ಕಣ ಮಾದರಿಯನ್ನು ಕೂರಿಸುವ ಮಿಶ್ರ ವಿಧಾನಗಳು ಈ ಕೊರತೆಯನ್ನು ನೀಗಿಸಲು ಹೊರಟಿವೆ. ಎರಡು ಮಾದರಿಗಳು ಕೂಡುವ ಗಡಿಯಲ್ಲಿ ಕಣಗಳ ಹಂಚಿಕೆಯನ್ನು ಊಹಿಸಿಯೇ ತುಂಬಬೇಕು, ಅಲ್ಲಿ ಹೊಸ ದೋಷಗಳೂ ನುಸುಳುತ್ತವೆ.

ಸೂಪರ್‌ನೋವಾ ಅವಶೇಷಗಳ ಆಘಾತಗಳನ್ನು ಅಧ್ಯಯನ ಮಾಡುವವರಿಗೂ ಈ ಕೆಲಸ ಮುಖ್ಯ, ವಿಶ್ವಕಿರಣಗಳ ಮೂಲವನ್ನು ಹುಡುಕುವಾಗ ಅವರು ನಂಬುವುದು ಇದೇ ಬಗೆಯ ಕಣ ಸಿಮ್ಯುಲೇಶನ್‌ಗಳನ್ನು. ನೌಕೆ ಕಳಿಸಿ ಪರೀಕ್ಷಿಸಬಹುದಾದ ಆಘಾತಗಳಿರುವುದು ಸೌರಮಂಡಲದೊಳಗೆ ಮಾತ್ರ. 2007ರಲ್ಲಿ ಶನಿಯ ಮುಂದೆ ಕ್ಯಾಸಿನಿ ನೌಕೆ ದಾಟಿದ ಅಸಾಧಾರಣ ಬಲದ ಆಘಾತದಲ್ಲಿ ಎಲೆಕ್ಟ್ರಾನ್‌ಗಳು ಅತಿ ಹೆಚ್ಚಿನ ಶಕ್ತಿಗೆ ಏರಿದ್ದು ಕಂಡಾಗ ಅಷ್ಟು ಗಮನ ಸೆಳೆದದ್ದು ಈ ಕಾರಣಕ್ಕೆ.

ಮಾದರಿಗಳು ಸುಧಾರಿಸಿದರೂ ಅವಕ್ಕೆ ಉಣಿಸುವ ಮಾಹಿತಿಯ ಪ್ರಶ್ನೆ ಉಳಿದೇ ಇರುತ್ತದೆ. ಭೂಮಿಯಿಂದ ಸೂರ್ಯನತ್ತ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಸುತ್ತ ಏಸ್ ಮತ್ತು 2024ರ ಜನವರಿಯಲ್ಲಿ ಅಲ್ಲಿಗೆ ತಲುಪಿದ ಆದಿತ್ಯ-ಎಲ್1ನಂಥ ನೌಕೆಗಳು ಸೌರಮಾರುತವನ್ನು ಅಳೆಯುತ್ತವೆ. ಅಲ್ಲಿ ಅಳೆದ ಪ್ರವಾಹ ಭೂಮಿಗೆ ಬರಲು ಸುಮಾರು ಒಂದು ಗಂಟೆ ಬೇಕು, ವೇಗ ಹೆಚ್ಚಿದ್ದರೆ ಅರ್ಧ ಗಂಟೆ. ಬೋ ಶಾಕ್‌ನ ಯಾವ ಮಗ್ಗುಲು ನುಣುಪಾಗಿರುತ್ತದೆ, ಯಾವುದು ಹರಿಯುತ್ತದೆ ಎಂಬುದನ್ನು ನಿರ್ಧರಿಸುವುದು ಕಾಂತಕ್ಷೇತ್ರದ ದಿಕ್ಕು. ಆ ದಿಕ್ಕು ಎಲ್1ರಲ್ಲಿ ಕಂಡಂತೆಯೇ ಭೂಮಿಯವರೆಗೂ ಉಳಿಯುತ್ತದೆ ಎಂಬ ಖಾತರಿಯಿಲ್ಲ. ಆದ್ದರಿಂದ ಚಿಲುಮೆಗಳು ಇಂಥ ಕಡೆ ಇಂಥ ಹೊತ್ತಿಗೆ ಬಡಿಯುತ್ತವೆ ಎಂದು ಹೇಳುವ ಮುನ್ಸೂಚನೆ ಸದ್ಯಕ್ಕೆ ನಿರೀಕ್ಷಿಸಬೇಕಾದದ್ದಲ್ಲ. ಯಾವ ಮಗ್ಗುಲಿನಲ್ಲಿ, ಎಷ್ಟು ಸಂಭವ ಎಂದು ಹೇಳುವ ಮುನ್ಸೂಚನೆ ಮಾತ್ರ ಹೈಬ್ರಿಡ್ ಮಾದರಿಗಳ ನೆರವಿನಿಂದ ಸಾಧ್ಯವಾಗಬಹುದಾದ ಮೊದಲ ಹೆಜ್ಜೆ.